ಹನಿ ಬಿದ್ದ ಜಾಗ, ಸೋರಿದ ಜಾಗ

ನಿಂತ ಮೋಟಾರ್ ಸೈಕಲ್ಲಿನ ಅಡಿಯಲ್ಲಿ ಕಾಣುವ ಎಣ್ಣೆಯ ಕಲೆಯು, ಸೋರಿದ ದ್ರವ ಕೊನೆಗೆ ಎಲ್ಲಿಗೆ ತಲುಪಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಎಲ್ಲಿಂದ ಹೊರಟಿತು ಎಂಬುದನ್ನು ಹೇಳುವುದಿಲ್ಲ. ಎಂಜಿನ್ನಿನ ಮೇಲ್ಭಾಗದಲ್ಲಿ ಒಸರಿದ ಎಣ್ಣೆಯು ಭೂಮಿಯ ಸೆಳೆತಕ್ಕೆ ಕೆಳಗಿಳಿಯುತ್ತದೆ, ವಾಹನ ಚಲಿಸುವಾಗ ಎದುರುಗಾಳಿಯ ಹೊಡೆತಕ್ಕೆ ಹಿಂದಕ್ಕೆ ಸರಿಯುತ್ತದೆ, ದಾರಿಯಲ್ಲಿ ಸಿಕ್ಕ ಧೂಳಿನೊಡನೆ ಬೆರೆತು ಕಪ್ಪು ಜಿಡ್ಡಾಗುತ್ತದೆ, ಕೊನೆಗೆ ಎಂಜಿನ್ನಿನ ಅತ್ಯಂತ ತಗ್ಗಿನ ಭಾಗದಲ್ಲಿ ಶೇಖರವಾಗಿ ಹನಿಯಾಗಿ ಬೀಳುತ್ತದೆ. ಬಹುತೇಕ ಎಂಜಿನ್‌ಗಳಲ್ಲಿ ಆ ತಗ್ಗಿನಲ್ಲೇ ಎಣ್ಣೆ ಬಸಿಯುವ ಡ್ರೈನ್ ಬೋಲ್ಟ್ ಇರುವುದರಿಂದ, ಯಾವ ತಪ್ಪನ್ನೂ ಮಾಡದ ಆ ಬೋಲ್ಟಿನ ಮೇಲೆಯೇ ಮೊದಲ ಆರೋಪ ಬರುತ್ತದೆ. ಅದನ್ನು ಮತ್ತೆ ಮತ್ತೆ ಬಿಗಿಗೊಳಿಸಿದಾಗ ಉಕ್ಕಿನ ಬೋಲ್ಟು ಮೆದುವಾದ ಅಲ್ಯೂಮಿನಿಯಂ ಕವಚದ ಥ್ರೆಡ್ಡನ್ನು ಹರಿದುಹಾಕುತ್ತದೆ; ಹೀಗೆ ಮೂಲ ಸೋರಿಕೆ ಇದ್ದಂತೆಯೇ ಇರುವಾಗ ತಪ್ಪು ನಿರ್ಣಯದಿಂದ ಎರಡನೆಯ ಸೋರಿಕೆಯೊಂದು ಹುಟ್ಟುತ್ತದೆ. ಸಣ್ಣ ಮೋಟಾರ್ ಸೈಕಲ್ಲಿನ ಸೋರಿಕೆಯ ಪತ್ತೆಯು ಆದ್ದರಿಂದ ಪರಿಣಾಮದಿಂದ ಕಾರಣದ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುವ ತರ್ಕದ ಕೆಲಸ.

ಈ ತರ್ಕವನ್ನು ಅರಿಯಲು ಭಾರತದಲ್ಲಿ ಅತಿ ಪರಿಚಿತವಾದ ನೂರು ಸಿಸಿ ವರ್ಗದ ಫೋರ್ ಸ್ಟ್ರೋಕ್ ಎಂಜಿನ್ ಒಳ್ಳೆಯ ಉದಾಹರಣೆ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಮೂಲಕ ಮನೆಮಾತಾಗಿ, 1994ರಲ್ಲಿ ಬಂದ ಸ್ಪ್ಲೆಂಡರ್‌ನಲ್ಲಿ ಮುಂದುವರಿದ 97.2 ಸಿಸಿಯ ಈ ಎಂಜಿನ್ನಿನಲ್ಲಿ, 50 ಮಿಲಿಮೀಟರ್ ವ್ಯಾಸದ ಪಿಸ್ಟನ್ ಚಲಿಸುವ ಸಿಲಿಂಡರು ನೆಟ್ಟಗೆ ನಿಲ್ಲದೆ ಮುಂದಿನ ಚಕ್ರದ ಕಡೆಗೆ ಬಹುತೇಕ ಅಡ್ಡಲಾಗಿ ಮಲಗಿದೆ. ಸುಮಾರು ಒಂದು ಲೀಟರಿನಷ್ಟು ಎಣ್ಣೆಯೇ ಪಿಸ್ಟನ್, ಕ್ಯಾಮ್, ಕ್ಲಚ್ ಮತ್ತು ಗೇರುಗಳೆಲ್ಲಕ್ಕೂ ಸಾಲಬೇಕು. ಸಿಲಿಂಡರಿನ ಭಂಗಿ ಪತ್ತೆಕಾರ್ಯಕ್ಕೆ ಮುಖ್ಯವಾದ ಸಂಗತಿ: ಮಲಗಿದ ಎಂಜಿನ್ನಿನ ಹೆಡ್‌ನಲ್ಲಿ ಒಸರಿದ ಎಣ್ಣೆಯು ವಾಹನ ನಿಂತಾಗ ಮುಂಭಾಗದಲ್ಲೇ ನೆಲಕ್ಕೆ ಬೀಳುತ್ತದೆ, ಓಡುವಾಗ ಸಿಲಿಂಡರಿನ ತಳಭಾಗವನ್ನು ಹಿಡಿದು ಹಿಂದಕ್ಕೆ ಹರಿದು ಕ್ರ್ಯಾಂಕ್‌ಕೇಸನ್ನು ತೋಯಿಸುತ್ತದೆ, ನೆಟ್ಟಗಿರುವ ಎಂಜಿನ್ನಿನಲ್ಲಾದರೋ ಅದೇ ಎಣ್ಣೆ ನಿಂತಾಗಲೂ ಓಡುವಾಗಲೂ ಗಾಳಿರೆಕ್ಕೆಗಳ ನಡುವೆ ಇಳಿದು ಸಿಲಿಂಡರಿನ ಬುಡವೇ ಸೋರಿದಂತೆ ಭ್ರಮೆ ಹುಟ್ಟಿಸುತ್ತದೆ.

ದ್ರವದ ಗುರುತು

ಪತ್ತೆಯ ಮೊದಲ ಪ್ರಶ್ನೆ ಸೋರುತ್ತಿರುವುದು ಯಾವ ದ್ರವ ಎಂಬುದು. ಚಿಕ್ಕ ವಾಹನದಲ್ಲೂ ಎಂಜಿನ್ ಆಯಿಲ್, ಪೆಟ್ರೋಲ್, ಮುಂದಿನ ಫೋರ್ಕಿನ ಎಣ್ಣೆ, ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಆಯಿಲ್, ಹಳೆಯ ಬಗೆಯ ಬ್ಯಾಟರಿಯಾದರೆ ಆಮ್ಲ, ದ್ರವದಿಂದ ತಂಪಾಗುವ ಎಂಜಿನ್ ಆದರೆ ಕೂಲಂಟ್ ಇರುತ್ತವೆ. ರಾತ್ರಿ ವಾಹನದ ಕೆಳಗೆ ಬಿಳಿಯ ರಟ್ಟೊಂದನ್ನು ಹಾಸಿ, ಚಕ್ರ ಮತ್ತು ಸ್ಟ್ಯಾಂಡುಗಳ ಸ್ಥಾನವನ್ನು ಅದರ ಮೇಲೆ ಗುರುತು ಹಾಕಿಟ್ಟರೆ, ಬೆಳಿಗ್ಗೆ ದ್ರವದ ಬಣ್ಣ, ಪ್ರಮಾಣ ಮತ್ತು ಬಿದ್ದ ಜಾಗ ಮೂರೂ ದಾಖಲಾಗಿರುತ್ತವೆ. ಬಳಸಿದ ಎಂಜಿನ್ ಆಯಿಲ್ ಕಂದು ಅಥವಾ ಕಪ್ಪಾಗಿದ್ದು ಬೆರಳಿಗೆ ಜಾರುತ್ತದೆ, ಸೋಪಿಲ್ಲದ ನೀರಿಗೆ ಬಿಡುವುದಿಲ್ಲ. ಪೆಟ್ರೋಲ್ ವಾಸನೆಯಿಂದಲೇ ತಿಳಿಯುತ್ತದೆ, ಆದರೆ ಬೇಗ ಆವಿಯಾಗುವುದರಿಂದ ಬೆಳಗಿನ ಹೊತ್ತಿಗೆ ಮಾಸಲು ಕಲೆಯನ್ನಷ್ಟೇ ಉಳಿಸಿರಬಹುದು. ಬ್ರೇಕ್ ಆಯಿಲ್ ಎಂದು ಕರೆಯಲಾಗುವ ದ್ರವ ವಾಸ್ತವದಲ್ಲಿ ಎಣ್ಣೆಯಲ್ಲ. ಗ್ಲೈಕಾಲ್ ವರ್ಗದ ಈ ದ್ರವ ತಿಳಿ ಹಳದಿ ಬಣ್ಣದ್ದು, ನೀರಿನಲ್ಲಿ ಕರಗುತ್ತದೆ, ತಗುಲಿದ ಪೇಂಟನ್ನು ಉಬ್ಬಿಸಿ ಕೀಳುತ್ತದೆ.

ಸೋರಿಕೆಯಲ್ಲದ ಸೋರಿಕೆಗಳನ್ನೂ ಇದೇ ಹಂತದಲ್ಲಿ ಬದಿಗಿಡಬೇಕಾಗುತ್ತದೆ. ತಣ್ಣಗಿನ ಬೆಳಿಗ್ಗೆ ಸೈಲೆನ್ಸರಿನ ಕೆಳಗಿನ ಸಣ್ಣ ರಂಧ್ರದಿಂದ ಬೀಳುವ ನೀರು, ಹೊಗೆಯಲ್ಲಿನ ಆವಿ ತಂಪಾಗಿ ಆದದ್ದು. ಹಿಂದಿನ ಚಕ್ರದ ರಿಮ್ಮಿಗೆ ಸಿಡಿದ ಜಿಡ್ಡು ಬಹುಪಾಲು ಚೈನಿಗೆ ಹಚ್ಚಿದ ಎಣ್ಣೆ. ಎಣ್ಣೆ ಬದಲಿಸುವಾಗ ಚೆಲ್ಲಿದ್ದು ಕವಚದ ಸಂದುಗಳಲ್ಲಿ ನಿಂತು ಹಲವು ದಿನ ತೊಟ್ಟಿಕ್ಕುವುದೂ ಉಂಟು. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ವಾಹನ ಎಡಕ್ಕೆ ವಾಲುವುದರಿಂದ ಬಲಭಾಗದ ದ್ರವವೂ ತಳದಲ್ಲಿ ಹರಿದು ಎಡಗಡೆ ಬೀಳಬಹುದಾದ್ದರಿಂದ, ರಟ್ಟಿನ ಪರೀಕ್ಷೆಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ಮಾಡುವುದು ಸರಿಯಾದ ಕ್ರಮ.

ಮೂರು ಬಗೆಯ ತಡೆಗಳು

ಎಂಜಿನ್ನಿನೊಳಗೆ ಎಣ್ಣೆಯನ್ನು ಹಿಡಿದಿಡುವ ಭಾಗಗಳು ಮುಖ್ಯವಾಗಿ ಮೂರು ಬಗೆಯವು, ಮತ್ತು ಪ್ರತಿಯೊಂದೂ ಕೆಡುವ ರೀತಿ ಬೇರೆ. ಚಲಿಸದ ಎರಡು ಲೋಹದ ಮುಖಗಳ ನಡುವೆ ಕೂರುವ ಕಾಗದ ಅಥವಾ ಲೋಹದ ತೆಳುಹಾಳೆ ಗ್ಯಾಸ್ಕೆಟ್; ಗ್ಯಾರೇಜುಗಳಲ್ಲಿ ಇದಕ್ಕೆ ಪ್ಯಾಕಿಂಗ್ ಎಂಬ ಹೆಸರು. ಹೆಡ್, ಸಿಲಿಂಡರಿನ ಬುಡ, ಬಲಗಡೆಯ ಕ್ಲಚ್ ಕವರ್, ಎಡಗಡೆಯ ಮ್ಯಾಗ್ನೆಟ್ ಕವರುಗಳಲ್ಲಿ ಇದು ಇರುತ್ತದೆ. ಕಾಗದದ ಪ್ಯಾಕಿಂಗು ಒಮ್ಮೆ ಒತ್ತಿಕೊಂಡ ಮೇಲೆ ಮತ್ತೆ ಬಳಕೆಗೆ ಬರುವುದಿಲ್ಲವಾದ್ದರಿಂದ, ಕ್ಲಚ್ ಕೆಲಸಕ್ಕೆಂದು ಕವರ್ ಬಿಚ್ಚಿ ಹಳೆಯ ಪ್ಯಾಕಿಂಗನ್ನೇ ಕೂರಿಸಿದಲ್ಲಿ ಸೋರಿಕೆ ಬಹುತೇಕ ಖಚಿತ. ಎರಡನೆಯದು ತೋಡಿನೊಳಗೆ ಕೂರುವ ರಬ್ಬರಿನ ಓ-ರಿಂಗ್. ಡೆನ್ಮಾರ್ಕ್ ಮೂಲದ ಎಂಜಿನಿಯರ್ ನೀಲ್ಸ್ ಕ್ರಿಸ್ಟೆನ್ಸೆನ್ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1939ರಲ್ಲಿ. ಟ್ಯಾಪೆಟ್ ಸರಿಪಡಿಸಲು ತೆರೆಯುವ ಮುಚ್ಚಳಗಳಲ್ಲಿ ಹಾಗೂ ಎಣ್ಣೆ ಅಳೆಯುವ ಕಡ್ಡಿಯ ಬುಡದಲ್ಲಿ ಇರುವ ಈ ಬಳೆಗಳು ವರ್ಷಗಳ ಬಿಸಿಗೆ ಗಡುಸಾಗಿ, ಗುಂಡಗಿನ ಆಕಾರ ಕಳೆದು ಚಪ್ಪಟೆಯಾಗುತ್ತವೆ. ಹೊರತೆಗೆದಾಗ ಉಗುರಿನ ಒತ್ತಡಕ್ಕೆ ಬಗ್ಗದ, ಅಂಚು ಕಟ್ಟಿದ ಓ-ರಿಂಗ್ ತನ್ನ ಆಯುಷ್ಯ ಮುಗಿಸಿದೆ ಎಂದೇ ಅರ್ಥ.

ಮೂರನೆಯದು ತಿರುಗುವ ದಂಡವನ್ನು ಸುತ್ತುವರಿದ ಆಯಿಲ್ ಸೀಲ್. ಲೋಹದ ಬಳೆಯೊಳಗೆ ರಬ್ಬರಿನ ತುಟಿ, ಅದರ ಹಿಂದೆ ತುಟಿಯನ್ನು ದಂಡಕ್ಕೆ ಮೆಲ್ಲಗೆ ಒತ್ತುವ ಸಣ್ಣ ಸುರುಳಿ ಸ್ಪ್ರಿಂಗ್ ಇದರ ರಚನೆ. ಈ ತುಟಿ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ಜಾರುತ್ತ ಕೆಲಸ ಮಾಡುವುದರಿಂದ, ಸೀಲಿನ ಅಂಚಿನಲ್ಲಿ ಲಘುವಾದ ತೇವ ಕಂಡಾಕ್ಷಣ ಅದನ್ನು ದೋಷವೆಂದು ಪರಿಗಣಿಸಬೇಕಿಲ್ಲ. ಒರೆಸಿದ ಬಳಿಕ ಮತ್ತೆ ಹನಿಗಟ್ಟಿದರೆ ಮಾತ್ರ ಅದು ಸೋರಿಕೆ. ಗೇರ್ ಲಿವರಿನ ದಂಡ, ಕಿಕ್ಕರ್ ದಂಡ, ಚೈನಿಗೆ ಶಕ್ತಿ ಕೊಡುವ ಮುಂದಿನ ಸ್ಪ್ರಾಕೆಟ್ಟಿನ ದಂಡ ಇವುಗಳಿಗೆಲ್ಲ ಇಂಥ ಸೀಲುಗಳಿವೆ. ಅವುಗಳಲ್ಲಿ ಸ್ಪ್ರಾಕೆಟ್ಟಿನ ಸೀಲು ಹೆಚ್ಚು ಮೋಸಗೊಳಿಸುವಂಥದ್ದು, ಏಕೆಂದರೆ ಅದರ ಮುಚ್ಚಳದೊಳಗೆ ಕೆಸರು, ಚೈನ್ ಎಣ್ಣೆ ಮತ್ತು ಸೋರಿದ ಎಂಜಿನ್ ಆಯಿಲ್ ಮೂರೂ ಒಂದೇ ಮುದ್ದೆಯಾಗಿರುತ್ತವೆ. ಮ್ಯಾಗ್ನೆಟ್ಟಿನ ವಿಷಯದಲ್ಲಿ ಎಂಜಿನ್ನಿನ ರಚನೆ ಗೊತ್ತಿರಬೇಕಾಗುತ್ತದೆ: ಮ್ಯಾಗ್ನೆಟ್ ಒಣ ಕೋಣೆಯಲ್ಲಿ ತಿರುಗುವ ಮಾದರಿಗಳಲ್ಲಿ ಕವರ್ ತೆಗೆದಾಗ ಒಳಗೆ ಎಣ್ಣೆ ಕಂಡರೆ ಹಿಂಬದಿಯ ಕ್ರ್ಯಾಂಕ್ ಸೀಲು ಕೆಟ್ಟಿದೆ, ಮ್ಯಾಗ್ನೆಟ್ ಎಣ್ಣೆಯಲ್ಲೇ ತಿರುಗುವ ಮಾದರಿಗಳಲ್ಲಿ ಒಳಗಿನ ಎಣ್ಣೆ ಸಹಜ, ಸಂಶಯಪಡಬೇಕಾದ್ದು ಕವರಿನ ಪ್ಯಾಕಿಂಗು ಅಥವಾ ವೈರು ಹೊರಬರುವ ರಬ್ಬರು.

ಹಿಂದಿರುವ ಒತ್ತಡ

ಸೀಲು ಬದಲಿಸಿದ ಕೆಲವೇ ವಾರಗಳಲ್ಲಿ ಅದೇ ಜಾಗ, ಅಥವಾ ಪಕ್ಕದ ಇನ್ನೊಂದು ಜಾಗ ಸೋರತೊಡಗಿದರೆ ಪರೀಕ್ಷೆಯ ದಿಕ್ಕು ಬದಲಾಗಬೇಕು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಪ್ರತಿ ಬಾರಿ ಕ್ರ್ಯಾಂಕಿನ ಕಡೆಗೆ ಬಂದಾಗ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿಗೆ ಸುಮಾರು 97 ಸಿಸಿಯಷ್ಟು ಜಾಗ ಕಡಿಮೆಯಾಗುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ ಇದು ನಿಮಿಷಕ್ಕೆ 4000 ಬಾರಿ ನಡೆಯುತ್ತದೆ. ಈ ಏರಿಳಿತವನ್ನು ಹೊರಗೆ ಬಿಡಲೆಂದೇ ಬ್ರೀದರ್ ಎಂಬ ಉಸಿರುನಳಿಕೆಯಿದ್ದು, ಅದು ಸಾಮಾನ್ಯವಾಗಿ ಏರ್ ಫಿಲ್ಟರಿನ ಡಬ್ಬಿಗೆ ಸೇರುತ್ತದೆ. ನಳಿಕೆ ಮಡಚಿಕೊಂಡರೆ, ಜಿಡ್ಡು ಹೆಪ್ಪುಗಟ್ಟಿ ಕಟ್ಟಿಕೊಂಡರೆ, ಒಳಗಿನ ಒತ್ತಡವು ಇರುವ ತಡೆಗಳಲ್ಲಿ ಅತ್ಯಂತ ದುರ್ಬಲವಾದುದರ ಮೂಲಕ ಎಣ್ಣೆಯನ್ನು ಹೊರದೂಡುತ್ತದೆ. ಅಂಥ ಸಂದರ್ಭದಲ್ಲಿ ಸೋರಿದ ಸೀಲು ನಿರಪರಾಧಿ. ಅದನ್ನು ಬದಲಿಸಿದರೆ ಒತ್ತಡ ಮುಂದಿನ ದುರ್ಬಲ ಸ್ಥಾನವನ್ನು ಹುಡುಕಿಕೊಳ್ಳುತ್ತದೆ.

ಒತ್ತಡ ಏರಲು ಇನ್ನೂ ಮೂರು ಕಾರಣಗಳಿವೆ. ಪಿಸ್ಟನ್ ರಿಂಗುಗಳು ಸವೆದಾಗ ಉರಿದ ಅನಿಲ ಅವುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಬ್ರೀದರ್ ನಳಿಕೆಯ ತುದಿಯನ್ನು ಕಳಚಿ ಬೆರಳು ಹಿಡಿದರೆ, ಆರೋಗ್ಯವಂತ ಎಂಜಿನ್ನಿನಲ್ಲಿ ಲಘುವಾದ ಮಿಡಿತ ತಿಳಿಯುತ್ತದೆ, ಸವೆದ ಎಂಜಿನ್ನಿನಲ್ಲಿ ಹೊಗೆಯೊಡಗೂಡಿದ ಗಾಳಿ ಜೋರಾಗಿ ಹೊರಬರುತ್ತದೆ; ಕಂಪ್ರೆಷನ್ ಗೇಜಿನ ಅಳತೆ ಈ ಸಂಶಯವನ್ನು ಖಚಿತಪಡಿಸುತ್ತದೆ. ಎರಡನೆಯ ಕಾರಣ ಅಳತೆ ಮೀರಿ ತುಂಬಿದ ಎಣ್ಣೆ. ಆದರೆ ಹಾಗೆಂದು ತೀರ್ಮಾನಿಸುವ ಮುನ್ನ ಅಳೆದ ಕ್ರಮ ಸರಿಯೇ ಎಂದು ನೋಡಬೇಕು. ಈ ವರ್ಗದ ಹಲವು ಎಂಜಿನ್‌ಗಳಲ್ಲಿ ಅಳತೆಯ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಬಿಟ್ಟು ಮಟ್ಟ ನೋಡಬೇಕೆಂಬ ನಿಯಮವಿದ್ದು, ಕಡ್ಡಿಯನ್ನು ಪೂರ್ತಿ ತಿರುಪಿ ನೋಡಿದಾಗ ಮಟ್ಟ ಇರುವುದಕ್ಕಿಂತ ಹೆಚ್ಚಾಗಿಯೂ, ಸೈಡ್ ಸ್ಟ್ಯಾಂಡಿನ ಮೇಲೆ ನೋಡಿದಾಗ ತಪ್ಪಾಗಿಯೂ ಕಾಣುತ್ತದೆ.

ಮೂರನೆಯದು ಪೆಟ್ರೋಲ್ ಎಣ್ಣೆಯೊಳಗೆ ಸೇರುವುದು, ಮತ್ತು ಎಣ್ಣೆಯ ಮಟ್ಟ ತಾನಾಗಿ ಏರುವ ವಿಚಿತ್ರ ಲಕ್ಷಣ ಇದರದ್ದೇ. ಕಾರ್ಬುರೇಟರಿನ ಫ್ಲೋಟ್ ಎಂಬ ತೇಲುಬುರುಡೆ ಮೇಲೆದ್ದಾಗ ಸಣ್ಣ ಸೂಜಿಯೊಂದು ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಸೂಜಿಯ ತುದಿ ಸವೆದರೆ ಅಥವಾ ಅಲ್ಲಿ ಕಸ ಕುಳಿತರೆ ಹೆಚ್ಚಾದ ಪೆಟ್ರೋಲ್ ಓವರ್‌ಫ್ಲೋ ನಳಿಕೆಯಿಂದ ಹೊರಬಿದ್ದು ನೆಲದ ಮೇಲೆ ಕಾಣುತ್ತದೆ. ಆ ನಳಿಕೆಯೂ ಕಟ್ಟಿಕೊಂಡಿದ್ದಲ್ಲಿ, ಪೆಟ್ರೋಲ್ ಕಾಕ್ ತೆರೆದಿಟ್ಟ ರಾತ್ರಿಯಲ್ಲಿ ಅದು ಸಿಲಿಂಡರಿಗೆ ಹರಿದು, ರಿಂಗುಗಳ ಸಂದಿನಿಂದ ಕ್ರ್ಯಾಂಕ್‌ಕೇಸಿಗೆ ಇಳಿಯಬಹುದು. ಕಡ್ಡಿಯಲ್ಲಿ ಮಟ್ಟ ಹೆಚ್ಚಿದ್ದು, ಎಣ್ಣೆ ನೀರಿನಂತೆ ತೆಳುವಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಎಂಜಿನ್ ಚಾಲೂ ಮಾಡದೆ ಮೊದಲು ಸೂಜಿಯನ್ನು ಸರಿಪಡಿಸಿ, ಎಣ್ಣೆಯನ್ನು ಪೂರ್ತಿ ಬದಲಿಸಬೇಕಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್ 6 ನಿಯಮದ ಜೊತೆಗೆ ಬಹುತೇಕ ಹೊಸ ವಾಹನಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಅಲ್ಲಿ ಫ್ಲೋಟಿನ ತೊಂದರೆ ಇಲ್ಲವಾದರೂ ಪಂಪು ಒತ್ತಡದಲ್ಲಿ ಪೆಟ್ರೋಲನ್ನು ದೂಡುವುದರಿಂದ ಪೈಪಿನ ಸಣ್ಣ ಬಿರುಕು ಕೂಡ ಬಿಸಿ ಎಂಜಿನ್ನಿನ ಮೇಲೆ ಸಿಂಪಡಣೆಯಾಗಬಲ್ಲದು. ಹಳೆಯ ವಾಹನಗಳ ರಬ್ಬರ್ ಪೈಪುಗಳನ್ನು ಎಥನಾಲ್ ಹೆಚ್ಚಿರುವ ಇಂದಿನ ಪೆಟ್ರೋಲಿನ ದೃಷ್ಟಿಯಿಂದಲೂ ಬಗ್ಗಿಸಿ, ಹಿಸುಕಿ ನೋಡುವುದು ಒಳ್ಳೆಯದು.

ತೊಳೆದು, ಒಣಗಿಸಿ, ನೋಡುವುದು

ಸಂಶಯದ ಪಟ್ಟಿ ಸಿದ್ಧವಾದ ಮೇಲೆ ನೇರ ಪರೀಕ್ಷೆ. ಜಿಡ್ಡು ಹಿಡಿದ ಎಂಜಿನ್ನಿನಲ್ಲಿ ಸೋರಿಕೆಯ ಮೂಲ ಹುಡುಕುವುದು ವ್ಯರ್ಥ ಪ್ರಯತ್ನವಾದ್ದರಿಂದ, ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಿನಿಂದ ತೊಳೆದು, ಸಂದುಗೊಂದುಗಳವರೆಗೆ ಒಣಗಿಸಬೇಕು. ವಾಟರ್ ಸರ್ವಿಸ್‌ನ ಬಿರುಸಾದ ನೀರಿನ ಧಾರೆಯನ್ನು ನೇರವಾಗಿ ಸೀಲುಗಳಿಗೆ ಹಿಡಿದರೆ ಕೆಸರೂ ನೀರೂ ತುಟಿಯ ಕೆಳಗೆ ನುಗ್ಗಿ ಇಲ್ಲದ ದೋಷವನ್ನು ಸೃಷ್ಟಿಸಬಹುದು. ಒಣಗಿದ ಮೇಲೆ ಸಂಶಯದ ಕೀಲುಗಳ ಸುತ್ತ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿದರೆ, ಎಣ್ಣೆಯ ಮೊದಲ ಒಸರು ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಗೆರೆಯಾಗಿ ಮೂಡುತ್ತದೆ. ಮೊದಲು ವಾಹನವನ್ನು ನಿಲ್ಲಿಸಿಯೇ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆರಿಸಿ ನೋಡಬೇಕು. ಏನೂ ಕಾಣದಿದ್ದರೆ ಕೆಲವು ಕಿಲೋಮೀಟರ್ ಸವಾರಿ ಮಾಡಿ ಮತ್ತೆ ನೋಡಬೇಕು. ತೇವವಾದ ಭಾಗಗಳಲ್ಲಿ ಅತ್ಯಂತ ಎತ್ತರದಲ್ಲೂ ಅತ್ಯಂತ ಮುಂದೆಯೂ ಇರುವುದನ್ನು ಮೂಲವೆಂದು ಹಿಡಿಯುವುದು ಇಲ್ಲಿನ ಮುಖ್ಯ ಸೂತ್ರ, ಏಕೆಂದರೆ ಸೆಳೆತವಾಗಲಿ ಎದುರುಗಾಳಿಯಾಗಲಿ ಎಣ್ಣೆಯನ್ನು ಮೇಲಕ್ಕೂ ಮುಂದಕ್ಕೂ ಒಯ್ಯುವುದಿಲ್ಲ.

ಯಾವಾಗ ಸೋರುತ್ತದೆ ಎಂಬುದೂ ಎಲ್ಲಿ ಎಂಬುದರಷ್ಟೇ ಮುಖ್ಯ ಸಾಕ್ಷ್ಯ. ನಿಂತಾಗ ಮಾತ್ರ ಸೋರುವುದು ಎಣ್ಣೆಯ ಮಟ್ಟಕ್ಕಿಂತ ಕೆಳಗಿರುವ ಕೀಲಿನಿಂದ; ಓಡುವಾಗ ಮಾತ್ರ ಸೋರುವುದು ಎಣ್ಣೆ ಒತ್ತಡದಲ್ಲಿ ಹರಿಯುವ ಅಥವಾ ಸಿಡಿಯುವ ಜಾಗದಿಂದ; ಹೆದ್ದಾರಿಯ ವೇಗದಲ್ಲಿ ಮಾತ್ರ ಕಾಣಿಸಿಕೊಂಡರೆ ಬ್ರೀದರಿನ ಮೇಲೆ ಸಂಶಯ ಬಲವಾಗುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಬಿಸಿಗೆ ಸರಿಸುಮಾರು ಎರಡು ಪಟ್ಟು ಹಿಗ್ಗುವ ಲೋಹವಾದ್ದರಿಂದ, ಉಕ್ಕಿನ ಬೋಲ್ಟು ಹಿಡಿದಿಟ್ಟ ಅಲ್ಯೂಮಿನಿಯಂ ಕವಚದ ಕೀಲು ತಣ್ಣಗಿದ್ದಾಗ ಒಂದು ಬಿಗಿಯನ್ನೂ ಬಿಸಿಯಾದಾಗ ಇನ್ನೊಂದು ಬಿಗಿಯನ್ನೂ ಹೊಂದಿರುತ್ತದೆ. ಕೆಲವು ಕೀಲುಗಳು ತಣ್ಣಗಿನ ಬೆಳಿಗ್ಗೆ ಜಿನುಗಿ, ಎಂಜಿನ್ ಕಾದ ಮೇಲೆ ಸುಮ್ಮನಾಗುವುದಕ್ಕೆ ಇದೇ ಕಾರಣ. ಕಣ್ಣಿಗೆ ಸಿಗದ ಸೋರಿಕೆಗೆ ಎಣ್ಣೆಯಲ್ಲಿ ಹೊಳಪು ಬಣ್ಣ ಬೆರೆಸಿ ಅತಿನೇರಳೆ ಟಾರ್ಚಿನಿಂದ ಹುಡುಕುವ ವಿಧಾನವಿದೆ, ಆದರೆ ಮೋಟಾರ್ ಸೈಕಲ್ಲಿನ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಅದಕ್ಕೆ ಹೊಂದುವ ಬಣ್ಣವನ್ನೇ ಆರಿಸಬೇಕು. ಸೋರಿಕೆ ನಿಲ್ಲಿಸುವುದಾಗಿ ಹೇಳಿ ಮಾರುವ ಕಾರಿನ ರಾಸಾಯನಿಕಗಳು ಇದೇ ಕಾರಣಕ್ಕೆ ಇಲ್ಲಿ ಸಲ್ಲವು. ಅವು ಕ್ಲಚ್ ಪ್ಲೇಟುಗಳನ್ನು ಜಾರಿಸಬಲ್ಲವು.

ಎಂಜಿನ್ನಿನ ಆಚೆ

ಮುಂದಿನ ಫೋರ್ಕಿನ ಸೋರಿಕೆ ಹೊಳೆಯುವ ಕ್ರೋಮ್ ಕೊಳವೆಯ ಮೇಲೆ ಎಣ್ಣೆಯ ಉಂಗುರವಾಗಿ ಕಾಣುತ್ತದೆ. ಕೊಳವೆಯನ್ನು ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹಲವು ಬಾರಿ ಒತ್ತಿದಾಗ ಉಂಗುರ ಮತ್ತೆ ಮೂಡಿದರೆ ಸೀಲು ಎಣ್ಣೆಯನ್ನು ಬಿಡುತ್ತಿದೆ. ಮಲೆನಾಡಿನ ಕೆಸರು ಧೂಳುಮುಚ್ಚಳದ ಕೆಳಗೆ ಸೇರಿ ತುಟಿಯನ್ನು ಎತ್ತಿ ಹಿಡಿದಿದ್ದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ಹೊರತೆಗೆದರೆ ಸಾಕಾಗಬಹುದು. ಕರಾವಳಿಯ ಉಪ್ಪುಗಾಳಿಗೆ ಕ್ರೋಮಿನಲ್ಲಿ ತುಕ್ಕಿನ ಕುಳಿಗಳು ಬಿದ್ದಿದ್ದರೆ ಅವು ಹೊಸ ಸೀಲನ್ನೂ ಕೊಯ್ಯುವುದರಿಂದ ಕೊಳವೆಯನ್ನು ಸರಿಪಡಿಸದೆ ಸೀಲು ಬದಲಿಸಿ ಪ್ರಯೋಜನವಿಲ್ಲ. ಬ್ರೇಕ್ ಆಯಿಲಿನ ಮಟ್ಟ ಇಳಿದಾಗಲೆಲ್ಲ ಸೋರಿಕೆಯೆಂದು ತೀರ್ಮಾನಿಸುವಂತಿಲ್ಲ. ಬ್ರೇಕ್ ಪ್ಯಾಡ್ ಸವೆದಂತೆ ಪಿಸ್ಟನ್ ಹೊರಸರಿದು ಆ ಜಾಗವನ್ನು ದ್ರವವೇ ತುಂಬುವುದರಿಂದ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಆದರೆ ಕ್ಯಾಲಿಪರ್, ಪೈಪಿನ ಕೀಲು ಅಥವಾ ಲಿವರಿನ ಬಳಿ ತೇವ ಕಂಡರೆ ಆ ವಾಹನ ಅಲ್ಲಿಯೇ ನಿಲ್ಲಬೇಕು.

2008ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್15ರಂಥ, ದ್ರವದಿಂದ ತಂಪಾಗುವ ಸಣ್ಣ ಎಂಜಿನ್‌ಗಳ ನೀರಿನ ಪಂಪಿನಲ್ಲಿ ಪತ್ತೆಗೆಂದೇ ಒಂದು ಏರ್ಪಾಡಿರುತ್ತದೆ. ಕೂಲಂಟನ್ನು ತಡೆಯುವ ಸೀಲು ಮತ್ತು ಎಣ್ಣೆಯನ್ನು ತಡೆಯುವ ಸೀಲು, ಇವೆರಡರ ನಡುವಿನ ಜಾಗದಿಂದ ಹೊರಕ್ಕೆ ಸಣ್ಣ ರಂಧ್ರವೊಂದಿದ್ದು, ಅಲ್ಲಿಂದ ಕೂಲಂಟ್ ಬಂದರೆ ಮೊದಲನೆಯದು, ಎಣ್ಣೆ ಬಂದರೆ ಎರಡನೆಯದು ಕೆಟ್ಟಿದೆ. ರಂಧ್ರಕ್ಕೆ ಎಂ-ಸೀಲ್ ಮೆತ್ತಿ ಮುಚ್ಚುವುದು ಎರಡೂ ದ್ರವಗಳು ಒಳಗೇ ಬೆರೆಯಲು ದಾರಿ ಮಾಡಿಕೊಟ್ಟಂತೆ.

ನೆಲಕ್ಕೆ ಬೀಳದ ಸೋರಿಕೆಯೂ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿಗಳು ಟೂ ಸ್ಟ್ರೋಕ್ ವಾಹನಗಳು. ಅವುಗಳಲ್ಲಿ ಗೇರ್ ಎಣ್ಣೆ ಬೇರೆ, ಕ್ರ್ಯಾಂಕ್‌ಕೇಸಿಗೆ ಬರುವುದು ಪೆಟ್ರೋಲಿನೊಡನೆ ಬೆರೆತ ಎಣ್ಣೆ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸಿನಲ್ಲಿ ಹೀರುವಿಕೆ ಉಂಟಾಗುವುದರಿಂದ, ಎರಡರ ನಡುವಿನ ಕ್ರ್ಯಾಂಕ್ ಸೀಲು ಕೆಟ್ಟಾಗ ಗೇರ್ ಎಣ್ಣೆ ಒಳಕ್ಕೆ ಎಳೆಯಲ್ಪಟ್ಟು ಉರಿದುಹೋಗುತ್ತದೆ. ಸೈಲೆನ್ಸರಿನ ದಟ್ಟ ಹೊಗೆ ಮತ್ತು ಗೇರ್ ಎಣ್ಣೆಯ ಇಳಿಯುವ ಮಟ್ಟ, ಇವೆರಡನ್ನು ಜೋಡಿಸಿ ಓದಿದಾಗ ಮಾತ್ರ ಈ ದೋಷ ಸಿಗುತ್ತದೆ.

ಅಳತೆ ಮತ್ತು ತೀರ್ಪು

ಎಲ್ಲ ಸೋರಿಕೆಗಳಿಗೂ ಒಂದೇ ತುರ್ತು ಇರುವುದಿಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂಬ ಸ್ಥೂಲ ಲೆಕ್ಕ ಹಿಡಿದರೆ, ಹತ್ತು ನಿಮಿಷಕ್ಕೊಂದರಂತೆ ರಾತ್ರಿಯ ಹತ್ತು ಗಂಟೆಯಲ್ಲಿ ಬೀಳುವ 60 ಹನಿ ಕೇವಲ 3 ಮಿಲಿಲೀಟರ್; ಆದರೆ ತಿಂಗಳಿಗೆ ಅದು 90 ಮಿಲಿಲೀಟರ್ ಆಗುತ್ತದೆ, ಒಂದು ಲೀಟರ್ ಹಿಡಿಯುವ ಎಂಜಿನ್ನಿಗೆ ಇದು ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು. ಪೆಟ್ರೋಲ್ ಅಥವಾ ಬ್ರೇಕ್ ದ್ರವದ ಸೋರಿಕೆ ಕಂಡರೆ ತಕ್ಷಣ ವಾಹನ ನಿಲ್ಲಿಸಬೇಕು. ಹಿಂದಿನ ಟಯರಿಗೆ ಅಥವಾ ಬ್ರೇಕಿಗೆ ತಲುಪುವ ಎಣ್ಣೆ ಅಷ್ಟೇ ಅಪಾಯಕಾರಿ. ಕವರಿನ ಅಂಚಿನಲ್ಲಿ ಜಿನುಗುವ ತೇವಕ್ಕೆ ವಾರಕ್ಕೊಮ್ಮೆ ಮಟ್ಟ ನೋಡುತ್ತ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು.

ದುರಸ್ತಿಯಲ್ಲಿ ಅತಿಯಾಗುವುದು ಎರಡು: ಬಿಗಿತ ಮತ್ತು ಗಮ್. ಕವರಿನ 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಅದನ್ನು ಮೀರುವುದು ಅತಿ ಸುಲಭ. ಪ್ಯಾಕಿಂಗಿನ ಬದಲಿಗೆ ಧಾರಾಳವಾಗಿ ಹಚ್ಚಿದ ಸಿಲಿಕೋನ್ ಗಮ್ ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬಿರುತ್ತದೆ. ಕಿತ್ತು ಬಂದ ಅದರ ಎಳೆಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದರೆ, ಸೋರುವ ಎಂಜಿನ್ನಿನ ಜಾಗದಲ್ಲಿ ಎಣ್ಣೆಯಿಲ್ಲದೆ ಸೀಜ್ ಆಗುವ ಎಂಜಿನ್ ಸಿಗುತ್ತದೆ.

ಹೊಸ ಪ್ಯಾಕಿಂಗ್ ಹಾಕಿದ ಸಂಜೆ ಬಹುತೇಕ ಎಲ್ಲ ಎಂಜಿನ್‌ಗಳೂ ಒಣಗಿರುತ್ತವೆ; ಆ ಒಣತನ ನಿರ್ಣಯ ಸರಿಯೆಂಬುದಕ್ಕೆ ಪುರಾವೆಯಲ್ಲ. ದುರಸ್ತಿಗೆ ಮುನ್ನ ಸೋರಿಕೆ ಕಂಡದ್ದು ಯಾವ ವೇಗದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ದೂರದ ಬಳಿಕ ಎಂಬುದನ್ನು ಬರೆದಿಟ್ಟುಕೊಂಡು, ಅದೇ ಸ್ಥಿತಿಯಲ್ಲಿ ನೂರಿನ್ನೂರು ಕಿಲೋಮೀಟರ್ ಓಡಿಸಿ, ಪೌಡರ್ ಮತ್ತು ಅಳತೆಯ ಕಡ್ಡಿ ಎರಡರಿಂದಲೂ ಮತ್ತೆ ಪರೀಕ್ಷಿಸಿದಾಗ ಮಾತ್ರ, ಬದಲಿಸಿದ ಭಾಗವೇ ದೋಷದ ಮೂಲವಾಗಿತ್ತೋ ಅಥವಾ ಅದರ ಹಿಂದಿದ್ದ ಒತ್ತಡ ಇನ್ನೂ ಹಾಗೆಯೇ ಉಳಿದಿದೆಯೋ ಎಂಬುದು ಇತ್ಯರ್ಥವಾಗುತ್ತದೆ.